ಅಪ್ಪ ಕಟ್ಟಿಸಿದ ಮನೆ, ಅಮ್ಮ ಬರೆದಿಟ್ಟ ಉಯಿಲು

ಪ್ರಶ್ನೆ: ನಮ್ಮ ತಂದೆ ಗಿರಣಿ ಕೆಲಸದ ಸಂಬಳದಲ್ಲೇ ನಿವೇಶನ ಕೊಂಡು ಮನೆ ಕಟ್ಟಿಸಿ, 2003ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಆಗ ಖಾತೆ ಬದಲಾವಣೆಗೆಂದು ನಾನೂ ತಮ್ಮನೂ ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆದು ಸಹಿ ಹಾಕಿಕೊಟ್ಟೆವು. ಖಾತೆ ಅಣ್ಣನ ಹೆಸರಿಗಾಯಿತು. ಅಮ್ಮನನ್ನು ಕೊನೆಯವರೆಗೂ ಅಣ್ಣ ಅತ್ತಿಗೆಯೇ ನೋಡಿಕೊಂಡರು. ಕಳೆದ ವರ್ಷ ಅಮ್ಮ ಹೋದ ಮೇಲೆ, ಇಡೀ ಮನೆ ಅಣ್ಣನಿಗೇ ಎಂದು ಅಮ್ಮ ಬರೆದ ಉಯಿಲು ಹೊರಬಂದಿದೆ. ‘ಹೆಣ್ಣುಮಕ್ಕಳ ಪಾಲಿನ ಕಾನೂನು ಬಂದದ್ದು 2005ರಲ್ಲಿ, ಅಪ್ಪ ಅದಕ್ಕೂ ಮೊದಲೇ ಹೋದರು, ಅಲ್ಲದೆ ನಿನ್ನ ಮದುವೆಗೆ ಬಂಗಾರ ಹಾಕಿದ್ದೇವೆ’ ಎನ್ನುತ್ತಾರೆ ಅಣ್ಣ. ನನಗೆ ಪಾಲಿದೆಯೇ? ಕೋರ್ಟಿಗೆ ಹೋಗಲು ಮನಸ್ಸಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಪಾಲಿದೆ. ನಿಮ್ಮ ಅಣ್ಣನವರು ಹೇಳುವ 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದು. ನಿಮ್ಮದು ತಂದೆಯ ಸ್ವಯಾರ್ಜಿತ ಮನೆ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಪ್ರತಿಯೊಬ್ಬ ಮಗನಿಗೂ ಮಗಳಿಗೂ ಸಮಪಾಲು ಎಂಬುದು 1956ರ ಉತ್ತರಾಧಿಕಾರ ಕಾಯಿದೆಯಲ್ಲಿ ಮೊದಲಿನಿಂದಲೂ ಇದೆ. ವಾಸದ ಮನೆಯ ವಿಷಯದಲ್ಲಿ ಮಾತ್ರ, ಗಂಡುಮಕ್ಕಳು ಪಾಲಿಗೆ ಮುಂದಾಗುವವರೆಗೆ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂಬ ನಿರ್ಬಂಧ 23ನೇ ಕಲಮಿನಲ್ಲಿತ್ತು. ಆ ಕಲಮನ್ನು ತೆಗೆದುಹಾಕಿದ್ದೇ 2005ರ ತಿದ್ದುಪಡಿ. ಎಂದರೆ ಅಣ್ಣನವರು ಮುಂದಿಟ್ಟಿರುವ ಇಸವಿ ನಿಮ್ಮ ಪರವಾಗಿಯೇ ನಿಲ್ಲುತ್ತದೆ.

ಈಗ ಉಯಿಲಿನ ವಿಷಯ. ನಿಮ್ಮ ಪತ್ರದಲ್ಲಿ ನಿಜವಾಗಿ ತೂಕವಿರುವುದು ಇದಕ್ಕೇ. ತಂದೆ ತೀರಿಕೊಂಡ ದಿನವೇ ಮನೆ ನಾಲ್ಕು ಪಾಲಾಯಿತು: ತಾಯಿಗೆ ಕಾಲು ಭಾಗ, ಮೂವರು ಮಕ್ಕಳಿಗೆ ತಲಾ ಕಾಲು ಭಾಗ. (ತಂದೆಯ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತಿತ್ತು, ಇರಲಿಲ್ಲವೆಂದು ಭಾವಿಸಿದ್ದೇನೆ.) ತಮ್ಮದಲ್ಲದ ಮುಕ್ಕಾಲು ಭಾಗವನ್ನು ತಾಯಿ ಯಾರಿಗೂ ಬರೆದುಕೊಡಲಾಗದು. ಆದ್ದರಿಂದ ಆ ಉಯಿಲು ಸಾಚಾ ಆಗಿದ್ದರೂ ಅಣ್ಣನವರಿಗೆ ಒಟ್ಟು ಅರ್ಧ ಮನೆ, ನಿಮಗೂ ತಮ್ಮನಿಗೂ ಕಾಲು ಕಾಲು ಭಾಗ ಬರುತ್ತದೆ. ಉಯಿಲು ಬಿದ್ದುಹೋದರೆ ಮೂವರಿಗೂ ಮೂರನೆಯ ಒಂದೊಂದು ಭಾಗ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲದಿದ್ದರೂ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಮೊದಲು ಅದನ್ನು ನೋಡಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಉಯಿಲು ನಿಂತರೆ ನಿಮ್ಮ ಪಾಲಿನಲ್ಲಿ ಕಡಿಮೆಯಾಗುವುದು ಮನೆಯ ಹನ್ನೆರಡನೆಯ ಒಂದು ಭಾಗವಷ್ಟೇ (ಮೂರನೆಯ ಒಂದರ ಬದಲು ಕಾಲು) ಆದ್ದರಿಂದ, ಆರೈಕೆ ಮಾಡಿದವರಿಗೆ ತಾಯಿಯ ಪಾಲು ಹೋಗಲಿ ಎಂದು ಬಿಟ್ಟುಕೊಡುವುದರಲ್ಲಿ ನಷ್ಟಕ್ಕಿಂತ ನ್ಯಾಯವೇ ಹೆಚ್ಚು.

ಖಾತೆ ಎಂಬುದು ಕಂದಾಯ ಕಟ್ಟುವವರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಸ್ಥಿರಾಸ್ತಿಯ ಹಕ್ಕು ಬಿಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ನೀವು ಸಹಿ ಹಾಕಿದ ಒಪ್ಪಿಗೆ ಪತ್ರ ನೋಂದಣಿಯಾಗಿಲ್ಲದಿದ್ದರೆ ಅದರಿಂದ ನಿಮ್ಮ ಪಾಲು ಹೋಗುವುದಿಲ್ಲ. ಮದುವೆಯ ಬಂಗಾರದ ಮಾತು ಮನೆಯ ಜಗಲಿಯಲ್ಲಿ ನಡೆದೀತು, ಕಾನೂನಿನಲ್ಲಿ ಅದನ್ನು ಪಾಲಿನಿಂದ ಕಳೆಯುವುದಿಲ್ಲ.

ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರವನ್ನೂ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) ತಂದೆಯ ಕ್ರಯಪತ್ರದ ದೃಢೀಕೃತ ನಕಲನ್ನೂ ತೆಗೆಸಿಕೊಂಡ ಮೇಲೆ ಮಾತುಕತೆಗೆ ಕೂಡಿರಿ. ಮನೆ ಅಣ್ಣನವರಿಗೇ ಉಳಿಯಲಿ, ಇಂದಿನ ಪೇಟೆ ಬೆಲೆಯ ಲೆಕ್ಕದಲ್ಲಿ ನಿಮ್ಮಿಬ್ಬರ ಪಾಲಿನ ಹಣವನ್ನು ಅವರು ಕೊಡಲಿ ಎಂಬ ಸಲಹೆಯನ್ನು ನೀವೇ ಮುಂದಿಡಬಹುದು. ನೇರ ಮಾತು ಸಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ; ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ದಾವೆ ಹೂಡದೆಯೂ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು, ಆ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿರುತ್ತದೆ ಮತ್ತು ಅದರ ಮೇಲೆ ಮೇಲ್ಮನವಿ ಇಲ್ಲ. ಅಷ್ಟರೊಳಗೆ ಮನೆ ಮಾರಾಟದ ಸುದ್ದಿ ಕಿವಿಗೆ ಬಿದ್ದರೆ ಮಾತ್ರ, ಮನಸ್ಸಿಲ್ಲದಿದ್ದರೂ ವಿಭಾಗದ ದಾವೆ ಹೂಡಿ ತಡೆಯಾಜ್ಞೆ ಕೇಳುವುದೇ ಸರಿ. ರಾಜಿಯಾದರೆ, ಹಕ್ಕು ಬಿಡುಗಡೆ ಪತ್ರದ ಮೇಲೆ ಸಹಿ ಹಾಕುವ ಮೊದಲು ಹಣ ನಿಮ್ಮ ಬ್ಯಾಂಕ್ ಖಾತೆಗೆ ಬಂದಿರಲಿ.