ಬೈಪೋಲಾರ್‌ನ ಖಿನ್ನತೆಗೆ ಮೂರ್ಛೆರೋಗದ ಮಾತ್ರೆ: ಪ್ರಮಾಣವನ್ನು ನಾನೇ ಹೆಚ್ಚಿಸಿಕೊಳ್ಳಬಹುದೇ?

ಮೂರ್ಛೆರೋಗವೇ ಇಲ್ಲದ ನಿಮಗೆ ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಖಿನ್ನತೆಗೆಂದು ಲ್ಯಾಮೋಟ್ರಿಜಿನ್ ಬರೆದುಕೊಟ್ಟಿದ್ದಾರೆ, ಮೂರು ವಾರವಾದರೂ ಗುಣ ಕಾಣುತ್ತಿಲ್ಲ, ಪ್ರಮಾಣವನ್ನು ನೀವೇ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೆಚ್ಚಿಸಿಕೊಳ್ಳಬೇಡಿ. ನಾನು ವೈದ್ಯನಲ್ಲ, ಇದೇ ಮಾತ್ರೆಯನ್ನು ಆರು ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಬೈಪೋಲಾರ್ ರೋಗಿ.

ಸಾಮಾನ್ಯವಾಗಿ ಮೊದಲ ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮುಂದಿನ ಎರಡು ವಾರ 50, ಐದನೆಯ ವಾರ 100, ಆಮೇಲೆ 200 ಎಂಬ ಕ್ರಮವಿರುತ್ತದೆ. ಜೊತೆಗೆ ವ್ಯಾಲ್ಪ್ರೋಯೇಟ್ ಎಂಬ ಇನ್ನೊಂದು ಮೂರ್ಛೆರೋಗದ ಔಷಧವಿದ್ದರೆ, ಲ್ಯಾಮೋಟ್ರಿಜಿನ್ ದೇಹದಿಂದ ಹೊರಹೋಗುವುದನ್ನು ಅದು ನಿಧಾನಗೊಳಿಸುವುದರಿಂದ, ಈ ಅಂಕಿಗಳೆಲ್ಲ ಅರ್ಧಕ್ಕಿಳಿಯುತ್ತವೆ. ಈ ಜಿಪುಣತನವೆಲ್ಲ ಚರ್ಮದ ಕಾರಣಕ್ಕೆ. ಅವಸರದಿಂದ ಏರಿಸಿದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ, ಅಪರೂಪವಾದರೂ ಪ್ರಾಣಕ್ಕೇ ಕುತ್ತು ತರಬಲ್ಲ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ. ಮೊದಲ ಎರಡು ತಿಂಗಳು ನಾನು ಸ್ನಾನವಾದ ಮೇಲೆ ದಿನವೂ ಬಾಯೊಳಗೆ, ಎದೆಯ ಮೇಲೆ, ಕನ್ನಡಿಗೆ ಬೆನ್ನು ತಿರುಗಿಸಿ ಬೆನ್ನಿನ ಮೇಲೆ ದದ್ದುಗಳನ್ನು ಹುಡುಕುತ್ತಿದ್ದೆ. ದದ್ದು ಕಂಡರೆ, ಅದರಲ್ಲೂ ಜ್ವರ ಅಥವಾ ಬಾಯಿಹುಣ್ಣು ಜೊತೆಗಿದ್ದರೆ, ಅಂದೇ ವೈದ್ಯರನ್ನು ಕಾಣಬೇಕು.

ಎರಡನೆಯ ವರ್ಷ ಪ್ರಯಾಣಕ್ಕೆ ಹೊರಟಾಗ ಮಾತ್ರೆಯ ಡಬ್ಬಿ ಮರೆತು, ಒಂದು ವಾರ ತಪ್ಪಿಸಿದ್ದೆ. ಹಿಂದಿರುಗಿ ಎಂದಿನಂತೆ 200 ನುಂಗಲು ಹೊರಟವನನ್ನು ವೈದ್ಯರು ಫೋನಿನಲ್ಲೇ ತಡೆದು, ಮತ್ತೆ 25ರಿಂದ ಆರಂಭಿಸಿದರು. ಐದು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳುವಂತಿಲ್ಲ ಎಂಬುದು ನನಗೆ ತಿಳಿದದ್ದು ಹಾಗೆ.

ಗುಣದ ವಿಷಯಕ್ಕೆ ಬಂದರೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಬೈಪೋಲಾರ್‌ಗೆ ಇದನ್ನು ಒಪ್ಪಿದ್ದು ಮುಂದಿನ ಕುಸಿತವನ್ನು ದೂರವಿಡುವುದಕ್ಕೆ, ಈಗಾಗಲೇ ಕವಿದಿರುವ ಖಿನ್ನತೆಯನ್ನು ಎತ್ತುವುದಕ್ಕಲ್ಲ. ಎತ್ತುವುದರಲ್ಲಿ ಅದರ ಬಲ ಸಾಧಾರಣ. ಬಿಡಿಬಿಡಿ ಪ್ರಯೋಗಗಳು ಹೆಚ್ಚಾಗಿ ಸೋತಿವೆ, ಎಲ್ಲವನ್ನೂ ಒಟ್ಟುಗೂಡಿಸಿದಾಗ ಮಾತ್ರ ಅಲ್ಪ ಪ್ರಯೋಜನ ಕಂಡಿದೆ. ಆದುದರಿಂದ ಈಗಿನ ಖಿನ್ನತೆ ತೀವ್ರವಾಗಿದ್ದರೆ ಕ್ವೆಟಿಯಾಪಿನ್‌ನಂತಹ ಇನ್ನೊಂದು ಔಷಧ ಬೇಕೇ ಎಂದು ಕೇಳುವುದು, ಇದನ್ನೇ ಹೆಚ್ಚು ನುಂಗುವುದಕ್ಕಿಂತ ಸರಿಯಾದ ದಾರಿ. ಉನ್ಮಾದವನ್ನು ತಡೆಯುವುದರಲ್ಲೂ ಇದು ದುರ್ಬಲ. ಮೂರ್ಛೆರೋಗದ ಔಷಧಗಳೆಲ್ಲ ಒಂದೇ ಎಂದೂ ಭಾವಿಸಬೇಡಿ: ವ್ಯಾಲ್ಪ್ರೋಯೇಟ್ ಉನ್ಮಾದಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತದಲ್ಲಿ ಲ್ಯಾಮೋಟ್ರಿಜಿನ್ ಮಟ್ಟವನ್ನು ತಗ್ಗಿಸುತ್ತವೆ, ಬಳಸುತ್ತಿದ್ದರೆ ತಿಳಿಸಿ.

ನನಗಂತೂ ಮಾತ್ರೆ ಹಿಡಿದದ್ದು ಗೊತ್ತಾಗಲೇ ಇಲ್ಲ. ವರ್ಷಕ್ಕೆರಡು ಬಾರಿ ತಪ್ಪದೆ ಬರುತ್ತಿದ್ದ ಕುಸಿತ ಒಂದು ವರ್ಷ ಬಾರದೇ ಹೋದದ್ದನ್ನು ದಿನಚರಿಯ ಪುಟ ತಿರುವುವಾಗ ಕಂಡೆ. ನಿಮಗೆ ಗುಣ ಕಾಣುವಷ್ಟರೊಳಗೆ ಸಾಯುವ ಯೋಚನೆಗಳು ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ, ಅಂದೇ ವೈದ್ಯರಿಗೆ ಮತ್ತು ಮನೆಯಲ್ಲೊಬ್ಬರಿಗೆ ತಿಳಿಸಿ.