ಚರ್ಚ್ ಬಿಟ್ರ ವೋಟ್ ಬರ್ತಾವೇನ್ರಿ?

ಪ್ರಶ್ನೆ: ಅಣ್ಣೋರ, ಶರಣ್ರಿ. ಕಲಬುರಗಿ ಆಳಂದ ಚೆಕ್‌ಪೋಸ್ಟ್ ಕಡಿ ನಮ್ದು ಮೊಬೈಲ್ ರಿಪೇರಿ ಅಂಗಡಿ ಅದ, ಸಂಜಿಗಿ ನಾಕ್ ಮಂದಿ ದೋಸ್ತರು ಕೂಡ್ತೀವಿ. ಮೊನ್ನಿ ಅಮೆರಿಕದ ಮಿಟ್ ರಾಮ್ನಿ ಮ್ಯಾಲ ಜಗಳ ಆತು. ಆತ ಮಾರ್ಮನ್ ಇದ್ದ, ಅದಕ್ಕ 2012ರಾಗ ಪ್ರೆಸಿಡೆಂಟ್ ಎಲೆಕ್ಷನ್ ಸೋತ, ಆ ಚರ್ಚ್ ಬಿಟ್ಟಿದ್ರ ಗೆದ್ದೇ ಬಿಡ್ತಿದ್ದ ಅಂತ ಒಬ್ಬ. ಬಿಟ್ಟಿದ್ರ ಇನ್ನೂ ಕೆಟ್ಟ ಸೋಲ್ತಿದ್ದ ಅಂತ ಇನ್ನೊಬ್ಬ. ನೂರ್ ನೂರ್ ರೂಪಾಯಿ ಪಂತ ಕಟ್ಯಾರ, ರೊಕ್ಕ ನನ್ನ ಗಲ್ಲಾದಾಗ ಅದ. ಯಾರಿಗಿ ಕೊಡ್ಲಿ?

ಉತ್ತರ: ಜರಾ ತಡೀರಿ, ರೊಕ್ಕ ಗಲ್ಲಾದಾಗೇ ಇರ್ಲಿ. ಮೊದಲ ಮಾರ್ಮನ್ ಅಂದ್ರ ಏನಂತ ಹೇಳ್ತೀನಿ, ಯಾಕಂದ್ರ ಜಗಳದ ಬೇರು ಅಲ್ಲೇ ಅದ. 1830ರಾಗ ನ್ಯೂಯಾರ್ಕ್ ಕಡಿ ಜೋಸೆಫ್ ಸ್ಮಿತ್ ಅನ್ನೋರು ಶುರು ಮಾಡಿದ ಪಂಥ ಅದು, ಬೈಬಲ್ ಜೊತಿಗಿ ಮಾರ್ಮನ್ ಗ್ರಂಥ ಅಂತ ಇನ್ನೊಂದೂ ಅದ ಅವರಿಗಿ. ನಾವು ಕ್ರಿಸ್ತನವರೇ ಅಂತ ಅವರಂತಾರ, ಅಲ್ಲವೇ ಅಲ್ಲ ಅಂತ ಇವಾಂಜೆಲಿಕಲ್ ಮಂದಿ, ಅಂದ್ರ ಬೈಬಲ್ಲೇ ಕಡೀ ಮಾತು ಅನ್ನೋ ಕಟ್ಟಾ ಪ್ರಾಟೆಸ್ಟೆಂಟರು, ಅಂತಾರ. ನಮ್ಮ ಕಡಿ ಲಿಂಗಾಯತ ಬ್ಯಾರೆ ಧರ್ಮನೋ ಅಲ್ಲೋ ಅಂತ 2018ರಾಗ ಕಟ್ಟಿ ಕಟ್ಟಿ ಮ್ಯಾಲ ಗುದ್ದಾಡಿದ್ವಲ್ಲ, ಆ ನಮೂನಿ ಅಂತ ತಿಳ್ಕೋರಿ, ಪೂರಾ ಅದೇ ಅಲ್ಲ. ಚಹಾ, ಕಾಫಿ, ಶೆರೆ ಮೂರೂ ಮುಟ್ಟಂಗಿಲ್ಲ, ಗಳಿಸಿದ್ರಾಗ ಹತ್ತನೇ ಒಂದು ಪಾಲು ಚರ್ಚಿಗಿ. ನಿಮ್ಮ ಅಂಗಡ್ಯಾಗ ಸಂಜಿ ಚಹಾ ಇಲ್ದ ಕೂಡೋದು ಅವರಿಗಷ್ಟೇ ಸಾಧ್ಯ ಬಿಡ್ರಿ. ಹಿಂದ ಒಬ್ಬ ಗಂಡಸು ಹತ್ತೆಂಟು ಲಗ್ನ ಆಗೋ ಪದ್ಧತಿ ಇತ್ತು, 1890ರಾಗ ಚರ್ಚ್ ಅದನ್ನ ಕೈಬಿಡ್ತು, ಆದ್ರ ಚ್ಯಾಷ್ಟಿ ಮಾಡೋರು ಇನ್ನೂ ಬಿಟ್ಟಿಲ್ಲ.

ಎಲೆಕ್ಷನ್ನಿಗೂ ಇವರಿಗೂ ಹಳೇ ನಂಟು. ಈ ಜೋಸೆಫ್ ಸ್ಮಿತ್ತೇ 1844ರಾಗ ಪ್ರೆಸಿಡೆಂಟ್ ಆಗ್ತೀನಿ ಅಂತ ನಿಂತಿದ್ರು, ಅದೇ ವರ್ಷ ಜೈಲಿನಾಗ ಇದ್ದಾಗ ಗುಂಪು ನುಗ್ಗಿ ಗುಂಡ್ ಹಾಕಿ ಕೊಂದ್ರು.

ಈಗ ರಾಮ್ನಿ. ಧರ್ಮ ಅವರಿಗಿ ಪೆಟ್ಟು ಕೊಟ್ಟಿದ್ದು ಖರೇನ, ಆದ್ರ 2012ರಾಗ ಅಲ್ಲ, 2008ರಾಗ, ಅದೂ ಸ್ವಂತ ರಿಪಬ್ಲಿಕನ್ ಪಾರ್ಟಿ ಟಿಕೆಟ್ ಸಲುವಾಗಿ ಓಡಾಡುವಾಗ. ಅಯೋವಾ ರಾಜ್ಯದಾಗ ಇವಾಂಜೆಲಿಕಲ್ ಮಂದಿ ಜಾಸ್ತಿ, ಅವರು ಮೊದಲು ಪಾದ್ರಿ ಆಗಿದ್ದ ಮೈಕ್ ಹಕಬಿ ಕಡಿ ವಾಲಿದ್ರು. ಅದಕ್ಕೂ ಮೊದಲು 2007ರ ಡಿಸೆಂಬರ್‌ದಾಗ ಟೆಕ್ಸಾಸಿಗಿ ಹೋಗಿ ರಾಮ್ನಿ ಧರ್ಮದ ಮ್ಯಾಲ ಒಂದು ಭಾಷಣ ಮಾಡಿದ್ರು, ನಮ್ಮ ಹಿರೇರು ನಂಬಿದ್ದನ್ನೇ ನಂಬ್ತೀನಿ, ಇದ್ರಿಂದ ಸೋತ್ರ ಸೋಲ್ತೀನಿ ಅನ್ನೋ ಅರ್ಥದ ಮಾತು. ಆ ಸಲ ಟಿಕೆಟ್ ಸಿಗ್ಲಿಲ್ಲ. ಆದ್ರ 2012ರಾಗ ಟಿಕೆಟ್ ಸಿಕ್ಕ ಮ್ಯಾಲ ನೋಡ್ರಿ, ಮಾರ್ಮನ್ನರು ಕ್ರಿಸ್ತನವರಲ್ಲ ಅಂತಿದ್ದ ಅದೇ ಬಿಳಿ ಇವಾಂಜೆಲಿಕಲ್ ಮಂದ್ಯಾಗ ಹತ್ತರಾಗ ಸುಮಾರು ಎಂಟು ವೋಟ್ ಅವರಿಗೇ ಬಿದ್ದಾವ. ಚುನಾವಣಿ ಬಂತಂದ್ರ ಪಾರ್ಟಿ ಮುಂದ ಪಂಥ ಹಿಂದ್ ಸರೀತದ. ಸೋತಿದ್ದು ಒಬಾಮಾ ಮುಂದ, ಎಲೆಕ್ಟೋರಲ್ ವೋಟ್ ಅಂತ ರಾಜ್ಯವಾರು ಎಣಿಸೋ ಲೆಕ್ಕದಾಗ 332ಕ್ಕ 206, ಅದಕ್ಕ ಬ್ಯಾರೆ ಕಾರಣ ಬ್ಯಾಡಾದಷ್ಟವ.

ಇನ್ನ ಬಿಟ್ಟಿದ್ರ? ಇಲ್ಲಿ ನನ್ನ ಲೆಕ್ಕ ಹೇಳ್ತೀನಿ. ರಾಮ್ನಿ ಮ್ಯಾಲ ದೊಡ್ಡ ಅಪವಾದ ಮಾರ್ಮನ್ ಅನ್ನೋದಲ್ರಿ, ಮಾತು ಬದಲಸ್ತಾರ ಅನ್ನೋದು. ಗರ್ಭಪಾತದ ವಿಷಯದಾಗ ಮ್ಯಾಸಚೂಸೆಟ್ಸ್ ರಾಜ್ಯದ ಎಲೆಕ್ಷನ್ನಿಗಿ ನಿಂತಾಗ ಒಂದು, ದೇಶಕ್ಕ ನಿಂತಾಗ ಇನ್ನೊಂದು. ಬದಲಸದೇ ಇದ್ದದ್ದು ಅಂದ್ರ ಆ ಚರ್ಚ್ ಒಂದೇ. ಹುಡುಗ ಇದ್ದಾಗ ಫ್ರಾನ್ಸಿನಾಗ ಮನಿ ಮನಿ ಬಾಗಿಲ ಬಡ್ದು ಧರ್ಮ ಹೇಳ್ಯಾರ, ಮುಂದ ಬಾಸ್ಟನ್‌ದಾಗ ಚರ್ಚಿನ ಮುಖಂಡ್ಕಿ ಮಾಡ್ಯಾರ. ಅದನ್ನೂ ಬಿಟ್ಟು ಬಂದಿದ್ರ ಮಂದಿ ಏನಂತಿದ್ರು? ಕುರ್ಚಿ ಸಲುವಾಗಿ ಇದನ್ನೂ ಮಾರಿದ ಅಂತಿದ್ರು. ಮತ್ತ ಬಿಟ್ಟು ಎಲ್ಲಿಗಿ ಹೋಗ್ಬೇಕು? 2012ರಾಗ ಜನಾಭಿಪ್ರಾಯ ಸರ್ವೆ ಮಾಡೋ ಗ್ಯಾಲಪ್‌ನವರು ಕೇಳಿದಾಗ ಮಾರ್ಮನ್ನರಿಗಿ ವೋಟ್ ಹಾಕಂಗಿಲ್ಲ ಅಂದೋರು ನೂರಕ್ಕ 18, ದೇವರನ್ನೇ ನಂಬದವರಿಗಿ ಹಾಕಂಗಿಲ್ಲ ಅಂದೋರು 43. ಬಾಣಲಿಯಿಂದ ಬೆಂಕಿಗಿ ಬಿದ್ದಂಗಾಗ್ತಿತ್ತು.

ಬಿಟ್ಟೋರ ಕತಿನೂ ಅದ ಕೇಳ್ರಿ. ಅರಿಜೋನಾದ ಮೊ ಯುಡಾಲ್ ಅಂತ, ಒಂದೇ ಕಣ್ಣು, ಭಾಳ ತಮಾಷಿ ಮನುಷ್ಯ, 1976ರಾಗ ಡೆಮಾಕ್ರಟಿಕ್ ಟಿಕೆಟಿಗಿ ಓಡಾಡಿದ್ರು. ಕರಿಯರಿಗಿ ಆ ಚರ್ಚಿನಾಗ ಪೌರೋಹಿತ್ಯ ಕೊಡ್ತಿರ್ಲಿಲ್ಲ, ಆ ಕಟ್ಟಳಿ ತೆಗೆದಿದ್ದೇ 1978ರಾಗ. ಈ ಭೇದ ಸಹಿಸದೇ ಯುಡಾಲ್ ಎಷ್ಟೋ ವರ್ಷ ಮೊದಲೇ ಚರ್ಚಿನಿಂದ ದೂರ ಸರ್ದಿದ್ರು. ಆದ್ರ ಮಿಶಿಗನ್‌ದಾಗ ಏನಾತು, ಡೆಟ್ರಾಯಿಟ್‌ನ ಕರಿಯ ಮೇಯರ್ ಕೋಲ್ಮನ್ ಯಂಗ್ ಅದೇ ಟಿಕೆಟಿಗಿ ಎದುರಾಳಿ ಆಗಿದ್ದ ಜಿಮ್ಮಿ ಕಾರ್ಟರ್ ಕಡಿಯವರು, ಆ ಚರ್ಚಿನ ಭೇದ ಎತ್ತಿಕೊಂಡು ಇದೇ ಯುಡಾಲ್ ಮ್ಯಾಲ ಹರಿಹಾಯ್ದ್ರು. ಯಾವುದನ್ನ ಒಪ್ಪದೇ ಬಿಟ್ಟಿದ್ರೋ ಅದೇ ಕೊಳ್ಳಿಗಿ ಬಿತ್ತು ನೋಡ್ರಿ! ಕೂದಲೆಳಿಯಷ್ಟರಾಗ ಮಿಶಿಗನ್ ಸೋತ್ರು.

ಹಂಗಂತ ಬಿಟ್ಟೋರೆಲ್ಲ ಕೆಟ್ರು ಅಂತಲ್ಲ. ಫ್ಲೋರಿಡಾದ ರಾಜಕಾರಣಿ ಮಾರ್ಕೊ ರೂಬಿಯೊ ಸಣ್ಣವರಿದ್ದಾಗ ಲಾಸ್ ವೇಗಸ್‌ದಾಗ ಮನಿಮಂದಿ ಜೊತಿ ಮಾರ್ಮನ್ ಆಗಿ ವಾಪಸ್ ಕ್ಯಾಥೊಲಿಕ್ ಆದ್ರು, ಯಾರೂ ತಲಿ ಕೆಡಿಸ್ಕೊಳ್ಳಿಲ್ಲ. ಕಿರ್ಸ್ಟನ್ ಸಿನಿಮಾ ಮಾರ್ಮನ್ ಮನ್ಯಾಗ ಬೆಳ್ದು ಬಿಟ್ಟು, 2018ರಾಗ ಅರಿಜೋನಾದಿಂದ ಸೆನೆಟಿಗಿ ಗೆದ್ರು. ಹೆಸರು ಕೇಳಿ ಥಿಯೇಟರ್ ಅನ್ಕೋಬ್ಯಾಡ್ರಿ. ಇವರಿಬ್ಬರೂ ಬಿಟ್ಟಿದ್ದು ರಾಜಕೀಯಕ್ಕ ಬರೋಕಿಂತ ಮೊದಲು, ರಾಮ್ನಿಗೂ ಇವರಿಗೂ ಅದೇ ಫರಕ್. ಮತ್ತ ಊಟಾ ರಾಜ್ಯಕ್ಕ ಹೋದ್ರ ಲೆಕ್ಕನೇ ಉಲ್ಟಾ, ಅಲ್ಲಿ ಮಾರ್ಮನ್ ಆಗಿರೋದೇ ಬಂಡವಾಳ, 2012ರಾಗ ರಾಮ್ನಿಗಿ ನೂರಕ್ಕ 72 ದಾಟಿ ವೋಟ್ ಬಿದ್ದಾವ ಅಲ್ಲಿ.

ನಾನೇ ಕಣ್ಣಾರೆ ನೋಡಿದ್ದೊಂದು. ಎಷ್ಟೋ ವರ್ಷದ ಹಿಂದ ನಮ್ಮ ವಾರ್ಡಿನಾಗ ಒಬ್ಬ ಕ್ಯಾಂಡಿಡೇಟ್, ಹೆಸರು ಬ್ಯಾಡ, ಮುಂಜಾನಿ ಶರಣಬಸವೇಶ್ವರ ಗುಡಿಯಾಗ ಮೂರು ಬಟ್ಟು ವಿಭೂತಿ ಹಚ್ಕೊಂಡ, ಮಧ್ಯಾಹ್ನ ದರ್ಗಾ ಕಡಿ ಗಲ್ಲಿಗಿ ಜೀಪ್ ತಿರುಗೋ ಮೊದಲು ಕರವಸ್ತ್ರದಿಂದ ಹಣಿ ಒರ್ಸಿ ಟೋಪಿ ಹಾಕ್ಕೊಂಡ. ಬಾಗಲದಾಗ ಕುಂತು ಅಕ್ಕಿ ಆರಿಸ್ತಿದ್ದ ಒಬ್ಬ ಮುದುಕಿ ಸುಮ್ನ ನೋಡಿದ್ಲು, ಆಮ್ಯಾಲ, ಬೇಟಾ, ಹುಬ್ಬಿನಾಗ ಬೂದಿ ಉಳಿದದ ನೋಡು ಅಂದ್ಲು. ಜೀಪಿನಾಗ ಇದ್ದ ಹುಡುಗರೇ ನಕ್ಕಬಿಟ್ರು. ವಿಭೂತಿ ಹಂಗೇ ಇಟ್ಕೊಂಡು ಬಂದಿದ್ರ ಆಕಿ ಒಂದು ಕಪ್ ಚಹಾ ಕೊಡ್ತಿದ್ಲು ಅಂತ ನನಗನಸ್ತದ.

ಹಂಗಾಗಿ ಪಂತ ಎರಡನೇ ದೋಸ್ತಗ. ಮೊದಲನೇ ದೋಸ್ತಗ 2008ರದು ಅಂತ ಇಪ್ಪತ್ತು ರೂಪಾಯಿ ವಾಪಸ್ ಕೊಟ್ಟು ಬಿಡ್ರಿ, ಅರ್ಧ ಖರೆ ಹೇಳ್ಯಾನ.

ಪ್ರಶ್ನೆ: ಸರ್, ಬೀದರದಿಂದ ಬರೀಲತೀನಿ. ನಮ್ಮ ದೇಶದಾಗ ಕ್ಯಾಂಡಿಡೇಟ್ ಧರ್ಮ ಬದಲಸಿದ್ರ ಬರೇ ವೋಟಿನ ಮಾತಾ, ಕಾನೂನಿಂದೂ ಅದನಾ?

ಉತ್ತರ: ಜನರಲ್ ಸೀಟಿನಾಗ ಬರೇ ವೋಟಿಂದು, ಯಾವ ಧರ್ಮ ಅಂತ ಕಾನೂನು ಕೇಳಂಗಿಲ್ಲ. ಆದ್ರ ನನ್ನ ಧರ್ಮ ನೋಡಿ ವೋಟ್ ಹಾಕ್ರಿ ಅಂತ ಕೇಳಂಗೂ ಇಲ್ಲ, 1951ರ ಪ್ರಜಾಪ್ರತಿನಿಧಿ ಕಾಯ್ದೆ 123ನೇ ಕಲಂ, ಕೇಳಿದ್ದು ಸಾಬೀತಾದ್ರ ಗೆದ್ದ ಸೀಟೂ ಹೋಗ್ತದ. ಎಸ್‌ಸಿ ಮೀಸಲು ಸೀಟಿಂದು ಬ್ಯಾರೆ ಮಾತು. ನಮ್ಮ ಕಲಬುರಗಿ ಲೋಕಸಭಾ ಎಸ್‌ಸಿ ಮೀಸಲು, ಅಲ್ಲಿ ಯಾರು ಎಸ್‌ಸಿ ಅಂತ ಹೇಳೋ 1950ರ ರಾಷ್ಟ್ರಪತಿ ಆದೇಶ ಅಡ್ಡ ಬರ್ತದ, ಮೊದಲ ಹಿಂದೂಗಳಿಗಷ್ಟೇ ಇತ್ತು, 1956ರಾಗ ಸಿಖ್ಖರನ್ನ ಸೇರಿಸಿದ್ರು, 1990ರಾಗ ಬೌದ್ಧರನ್ನ. ಅಂದ್ರ ಬುದ್ಧನ ಕಡಿ ಹೋದೋರು ಅರ್ಜಿ ಹಾಕಬಹುದು, ಚರ್ಚಿಗಿ ಹೋದೋರದು ನಾಮಪತ್ರದ ಟೇಬಲ್ ಮ್ಯಾಲೇ ಮುಗೀತದ, ಮಂದಿ ಮುಂದ ಹೋಗೋ ಪಾಳಿನೇ ಬರಂಗಿಲ್ಲ.