ಓದುಗರ ಪ್ರಶ್ನೆ: ಬ್ಲ್ಯಾಕ್ ಸಬಾತ್‌ನ ‘13’ ಮತ್ತು ಸಡಿಲ ತಂತಿಯ ಫಜೀತಿ

ಪ್ರಶ್ನೆ: ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬಾತ್‌ನ 2013ರ ‘13’ ಆಲ್ಬಂ 35 ವರ್ಷಗಳ ನಂತರ ಬಂದದ್ದು ಅನ್ನುತ್ತಾರೆ. ಇದೇ ತಂಡದ ಹೆಸರಿನಲ್ಲಿ 1995ರಲ್ಲೂ ಒಂದು ಆಲ್ಬಂ ಬಂದಿತ್ತಲ್ಲ?
– ಶಿವಮೊಗ್ಗದ ಓದುಗರು

ಬಂದಿತ್ತು, ‘ಫರ್ಬಿಡನ್’. ಹಾಡಿದವರು ಟೋನಿ ಮಾರ್ಟಿನ್. ತಂಡದ ಹೆಸರು ಹಿಡಿದು ಎಣಿಸಿದರೆ ಅಂತರ 18 ವರ್ಷ, ದನಿ ಹಿಡಿದು ಎಣಿಸಿದರೆ 35. ಮೂಲ ಗಾಯಕ ಓಝಿ ಆಸ್ಬರ್ನ್ ‘13’ಕ್ಕೂ ಮುಂಚೆ ಈ ತಂಡಕ್ಕೆ ಕೊನೆಯದಾಗಿ ಪೂರ್ತಿ ಸ್ಟುಡಿಯೊ ಆಲ್ಬಂ ಹಾಡಿದ್ದು 1978ರಲ್ಲಿ, ‘ನೆವರ್ ಸೇ ಡೈ!’. 1998ರ ‘ರಿಯೂನಿಯನ್’ ಸಂಗೀತ ಕಛೇರಿಯ ಧ್ವನಿಮುದ್ರಣ, ಅದರಲ್ಲಿ ಹೊಸ ಸ್ಟುಡಿಯೊ ಹಾಡು ಎರಡೇ. ಇನ್ನು ‘ಮೂಲ ತಂಡ ಮರಳಿತು’ ಎಂಬ ಮಾತು ಮುಕ್ಕಾಲು ಮಾತ್ರ ನಿಜ. ಒಪ್ಪಂದ ಕುದುರದೆ ಡ್ರಮ್ಮರ್ ಬಿಲ್ ವಾರ್ಡ್ ಹೊರಗುಳಿದರು. ಅವರ ಜಾಗದಲ್ಲಿ ನುಡಿಸಿದವರು ಬ್ರಾಡ್ ವಿಲ್ಕ್. ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ವಾರ್ಡ್ ಅವರ ಜಾಝ್ ತೂಗಾಟ ಅಲ್ಲಿಲ್ಲ.

ಪ್ರಶ್ನೆ: ಬ್ಲ್ಯಾಕ್ ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿಯ ಹಾಗೆ ಗಿಟಾರನ್ನು ಸಿ ಶಾರ್ಪ್‌ಗೆ ಇಳಿಸಿದೆ. ತಂತಿ ಜೊರ್ರೆನ್ನುತ್ತದೆ, ಶ್ರುತಿಯೂ ನಿಲ್ಲುತ್ತಿಲ್ಲ. ಈಗಿರುವುದು 10–46ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ).
– ಹುಬ್ಬಳ್ಳಿಯ ಓದುಗರು

ಮೊದಲಿಗೆ, ಅಯೋಮಿ ಇಳಿಸಿದ್ದು ಯಾಕೆ ಅಂತ ನೋಡಿ. 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳ ತುದಿ ಹೋದವು. ಅವರು ಎಡಚರು, ಅಂದರೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡರು. ಒತ್ತಲು ಹಗುರವಾಗಲೆಂದು ಸಣ್ಣ ತಂತಿ ಹಾಕಿದರು, 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೂ ಇಳಿಸಿದರು. 1970ರ ಮೊದಲ ಆಲ್ಬಂ ಮಾಮೂಲು ಶ್ರುತಿಯಲ್ಲೇ ಇದೆ. ಭಾರವಾದ ನಾದಕ್ಕೆ ಶ್ರುತಿ ಇಳಿಸಲೇಬೇಕು ಅಂತೇನಿಲ್ಲ.

ಇಳಿಸಿಯೇ ತೀರುತ್ತೀರಾದರೆ ದಪ್ಪ ತಂತಿಯಿಂದ ಸಣ್ಣದಕ್ಕೆ ಬರಬೇಕಾದ ಸ್ವರಗಳು: ಸಿ ಶಾರ್ಪ್, ಎಫ್ ಶಾರ್ಪ್, ಬಿ, ಇ, ಜಿ ಶಾರ್ಪ್, ಸಿ ಶಾರ್ಪ್. ಹಾರ್ಮೋನಿಯಂ ಲೆಕ್ಕದಲ್ಲಿ ಕರಿ-ಬಿಳಿ ಸೇರಿಸಿ ಮೂರು ಮನೆ ಕೆಳಗೆ. ಇಷ್ಟಕ್ಕೇ ತಂತಿಯ ಬಿಗಿ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಆಗ ತಂತಿ ಅಗಲವಾಗಿ ಅಲ್ಲಾಡಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿಯುತ್ತದೆ. ಜೊತೆಗೆ ಎಳೆತ ತಗ್ಗಿದ ಕತ್ತು ಹಿಂದಕ್ಕೆ ಸರಿದು ಇದ್ದಬದ್ದ ಅಂತರವನ್ನೂ ನುಂಗುತ್ತದೆ. ನಿಮ್ಮ ಜೊರ್ರಿಗೆ ಕಾರಣ ಇವೆರಡೂ.

ಹಳೆಯ ಬಿಗಿಯೇ ಬೇಕಿದ್ದರೆ ತಂತಿಯ ದಪ್ಪ ಶೇ 19ರಷ್ಟು ಹೆಚ್ಚಬೇಕು: 10 ಇದ್ದದ್ದು 12, 46 ಇದ್ದದ್ದು 54 ಅಥವಾ 55. ಅಂಗಡಿಯಲ್ಲಿ 12–54ರ ಸೆಟ್ ಕೇಳಿ. ಕೆಲವು ಸೆಟ್‌ಗಳಲ್ಲಿ ಮೂರನೇ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿ ಸುತ್ತಿರುತ್ತದೆ, ಅದನ್ನು ಎಳೆದು ನುಡಿಸುವುದು ಕಷ್ಟ. ಅದರ ಬದಲು 20ರ ಸಾದಾ ತಂತಿ ಹಾಕಿ.

ದಪ್ಪ ತಂತಿ ಹಳೆಯ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರಡೆ ತಿರುಗಿಸುವಾಗ ‘ಟಿಂಗ್’ ಅಂತ ಸದ್ದಾಗಿ ಶ್ರುತಿ ಒಮ್ಮೆಲೇ ಜಿಗಿದರೆ ಅದೇ ದೋಷ. ಸೀಳನ್ನು ನಟ್ ಅರದಿಂದ ಅಗಲ ಮಾತ್ರ ಮಾಡಿಸಿ, ಆಳ ಬೇಡ. ಆಳವಾದರೆ ಬಿಡಿತಂತಿಯೇ ಜೊರ್ರೆನ್ನುತ್ತದೆ.

10–46ನ್ನೇ ಉಳಿಸಿಕೊಳ್ಳುತ್ತೀರಾ? ಹಾಗಾದರೆ ಕತ್ತಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕತ್ತು ಒಡಲಿಗೆ ಸೇರುವ ಕಡೆ ದಪ್ಪ ತಂತಿಯನ್ನು ಒತ್ತಿದಾಗ 7ನೇ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.25 ಮಿ.ಮೀ. ಆಸುಪಾಸು, ಸಂದು ಇರಬೇಕು. ಪಿಕ್ಕನ್ನು ಮೆಲ್ಲಗೆ ಆಡಿಸಿ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೇಲಿಂದ ಶುರುವಾಗಿ ಕೆಳಗಿಳಿಯುತ್ತದೆ. ಶ್ರುತಿ ನಿಲ್ಲುತ್ತಿಲ್ಲ ಅನ್ನುವವರಲ್ಲಿ ಅನೇಕರ ತೊಂದರೆ ಮೀಟುವ ಕೈಯಲ್ಲೇ ಇರುತ್ತದೆ. ಕೊನೆಗೆ 12ನೇ ಫ್ರೆಟ್ ಒತ್ತಿದ ಸ್ವರವನ್ನು ಅಲ್ಲಿಯ ಹಾರ್ಮೋನಿಕ್‌ಗೆ (ಒತ್ತದೆ ಬೆರಳು ಸೋಕಿಸಿ ಮೀಟಿದ ಸ್ವರ) ಹೋಲಿಸಿ. ಒತ್ತಿದ್ದು ಏರಿದ್ದರೆ ಒಡಲಿನ ಕಡೆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಿ.

ಪ್ರಶ್ನೆ: ಹೆಡ್‌ಫೋನಿನಲ್ಲಿ ‘13’ ಕೇಳಿದರೆ ಅರ್ಧಕ್ಕೇ ಕಿವಿ ದಣಿಯುತ್ತದೆ. ಹಳೆಯ ಆಲ್ಬಂಗಳಲ್ಲಿ ಹೀಗಾಗುವುದಿಲ್ಲ. ನನ್ನ ಹೆಡ್‌ಫೋನ್ ಕಾರಣವೇ?
– ಮಂಗಳೂರಿನ ಓದುಗರು

ಹೆಡ್‌ಫೋನ್ ಪಾಪದ್ದು. ನಿರ್ಮಾಪಕ ರಿಕ್ ರೂಬಿನ್ ತಂಡದವರಿಗೆ ಮೊದಲ ಆಲ್ಬಂ ಕೇಳಿಸಿ, ಅದೇ ಜಾಡಿನಲ್ಲಿ ನುಡಿಸಿ ಎಂದಿದ್ದರು. ನುಡಿಸಾಣಿಕೆ ಹಾಗೆಯೇ ಬಂದಿದೆ, ಮಾಸ್ಟರಿಂಗ್ (ಕಡೆಯ ಹಂತದಲ್ಲಿ ಸದ್ದು ಹದಮಾಡುವ ಕೆಲಸ) ಮಾತ್ರ ಹೊಸ ಕಾಲದ್ದು: ಮೆಲುದನಿಯನ್ನೂ ಎತ್ತಿ ಗಟ್ಟಿದನಿಯ ಪಕ್ಕಕ್ಕೆ ತಂದು ಕೂರಿಸಿದ್ದಾರೆ. ಕಿವಿಗೆ ಬಿಡುವೇ ಇಲ್ಲ. ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ, 1970ರ ಆಲ್ಬಂ ಮತ್ತು ಇದನ್ನು ಒಂದರ ಹಿಂದೊಂದು ಕೇಳಿ. ಒಟ್ಟು ಸದ್ದು ಸಮವಾದಾಗ ಹಳೆಯದರ ಡ್ರಮ್ ಪೆಟ್ಟು ಮುಂದಕ್ಕೆ ಚಿಮ್ಮುತ್ತದೆ, ಹೊಸದರದ್ದು ಗಿಟಾರಿನೊಳಗೆ ಹೂತಿರುತ್ತದೆ. ಹೋಲಿಸಲು ಒಳ್ಳೆಯ ಜಾಗವೂ ಇದೆ: ಮಳೆ, ಗುಡುಗು, ಗಂಟೆಯಿಂದ ಮೊದಲ ಆಲ್ಬಂ ಶುರುವಾಗುತ್ತದೆ, ಅದೇ ಸದ್ದುಗಳಿಂದ ‘13’ ಮುಗಿಯುತ್ತದೆ.

ಪ್ರಶ್ನೆ: ಇದರ ನಂತರ ಏನೂ ಬರಲಿಲ್ಲವೇ?
– ಮೈಸೂರಿನ ಓದುಗರು

ಪೂರ್ತಿ ಆಲ್ಬಂ ಇಲ್ಲ. ‘13’ಕ್ಕೆ ಮುದ್ರಿಸಿ ಹೊರಗುಳಿದ ನಾಲ್ಕು ಹಾಡುಗಳು 2016ರಲ್ಲಿ ‘ದಿ ಎಂಡ್’ ಎಂಬ ಸಿ.ಡಿ.ಯಲ್ಲಿ ಬಂದವು, ಕಛೇರಿಯ ನಾಲ್ಕು ಧ್ವನಿಮುದ್ರಣಗಳ ಜೊತೆ. ಅದನ್ನು ಮಾರಿದ್ದು ಕಛೇರಿಗಳಲ್ಲಿ. ವಾರ್ಡ್ ಸೇರಿ ನಾಲ್ವರೂ ಕಡೆಯ ಬಾರಿ ಒಟ್ಟಿಗೆ ನುಡಿಸಿದ್ದು 2025ರ ಜುಲೈ 5ರಂದು, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ. ಅದೇ ತಿಂಗಳ 22ರಂದು ಓಝಿ ತೀರಿಕೊಂಡರು.